ಒಳಗೆ ಬಿಟ್ಟ ಬಟ್ಟೆ

ಹೋದ ವರ್ಷದ ಡೈರಿಯಲ್ಲಿ
ಐದಕ್ಕೆ ಏಳಬೇಕು. ಕುಂದುವಾಡ ಕೆರೆಗೆ ಎರಡು ಸುತ್ತು.
ಸ್ಕೇಲ್ ಮೂರರ ಪರೀಕ್ಷೆ.
ಎಲ್ಲದರ ಕೆಳಗೂ ಕೆಂಪು ಗೆರೆ.
ಫೆಬ್ರವರಿ ಒಂಬತ್ತರಿಂದಾಚೆ ಖಾಲಿ,
ಒಂದು ಹಾಳೆಯಲ್ಲಿ ಮಾತ್ರ ಹಾಲಿನ ಲೆಕ್ಕ.

ಮಂಡಿಪೇಟೆಯ ಉಚ್ಚಂಗೆಮ್ಮ
ರವಿಕೆ ಕೊಡುವಾಗ ಒಳಮಗ್ಗುಲು ತಿರುವಿದಳು:
"ಎರಡು ಬೆರಳು ಬಟ್ಟೆ ಬಿಟ್ಟೀನ್ರಿ ಮೇಡಂ.
ಮೈ ಏನು ವರ್ಷಪೂರ್ತಿ ಒಂದೇ ಅಳತೆ ಇರ್ತತೇನು?
ಬಿಗಿ ಆತು ಅಂದ್ರೆ ಬಿಚ್ಕಳಿ."

ಬ್ಯಾಂಕಿನ ಹೊಸ ಡೈರಿ, ಜನವರಿ ಒಂದು.
ಪೆನ್ಸಿಲಿನಲ್ಲಿ ಬರೆದೆ:
ಮುಖ ಪರೀಕ್ಷೆಯ ಕಡೆಗೇ;
ಜ್ವರದ ಮಗಳ ಪಕ್ಕ ಕೂತು ಓದಿದಷ್ಟೂ ಓದೇ.
ಕೆರೆ, ಕಾಲು ಕರೆದಾಗ.
ಪಕ್ಕದಲ್ಲಿ ಎರಡು ಬೆರಳು ಜಾಗ.

ಮ್ಯಾನೇಜರ್ ಕುರ್ಚಿಯ ಆಸೆಯಲ್ಲಿ
ಒಂದು ನೂಲೂ ಕತ್ತರಿಸಿಲ್ಲ.