ಅರ್ಧ ಭಾರ ಇಳಿಸು

ತೆರೆದರೆ ಸಾಕು, ಮುಚ್ಚಿಕೊಳ್ಳುತ್ತದೆ.
ಬೇರೆ ಫೋಲ್ಡರುಗಳೆಲ್ಲ ಸಾಧು ಹಸುಗಳು;
‘ರೋಪ್‌ವೇ, ಹಳೆಯದು’ ಅನ್ನುವುದನ್ನು ಒತ್ತಿದರೆ ಮಾತ್ರ
ಕಿಟಕಿ ಒಂದು ಗಳಿಗೆ ಬೆಳ್ಳಗಾಗಿ,
ಹತ್ತಿಪ್ಪತ್ತು ಪುಟ್ಟ ಚಿತ್ರ ಮೂಡಿಸಿ,
ಮಾಯ.
ಸದ್ದಿಲ್ಲ, ತಪ್ಪಾಯಿತು ಅನ್ನುವುದಿಲ್ಲ.
ಖಾಲಿ ಪರದೆಯ ಗಾಜಿನಲ್ಲಿ ನನ್ನದೇ ಮುಖ.

ಸೋಮವಾರದಿಂದ ಹೀಗೆ.
ಆರಿಸಿ ಹಚ್ಚಿದೆ, ದೀಪದ ಹಾಗೆ.
ಹೊಸ ಆವೃತ್ತಿ ಹಾಕಿದೆ, ಕ್ಯಾಶೆಯ ಕಸ ಗುಡಿಸಿದೆ.
ಎತೇರಿ ಮೇಡಂ ಬಂದು
ಡಬ್ಬದ ನೆತ್ತಿಗೆ ಒಂದು ಬಿಟ್ಟರು.
ಜಗ್ಗಲಿಲ್ಲ.
ಶುಕ್ರವಾರದೊಳಗೆ ಟಿಬಿಲಿಸಿಗೆ ಪಟ್ಟಿ ಹೋಗಬೇಕು:
ಚಿಯಾತುರಾದ ಕಣಿವೆಯ ಮೇಲೆ ತೂಗಿದ
ಪ್ರತಿ ತೊಟ್ಟಿಲು, ಪ್ರತಿ ಹಗ್ಗ, ಪ್ರತಿ ರಾಟೆಯ
ಚಿತ್ರದ ಲೆಕ್ಕ.

ಬೊಂಡೋನನ್ನು ಕರೆಸಿದೆ.
ಮೂವತ್ತೊಂದು ವರ್ಷ ರೋಪ್‌ವೇ ಫಿಟ್ಟರ್,
ಹಗ್ಗಗಳು ನಿಂತ ಮೇಲೆ ಕಂಪ್ಯೂಟರ್ ರಿಪೇರಿ.
ಉಗುರಿನ ಸಂದಿಯಲ್ಲಿ ಇನ್ನೂ ಮ್ಯಾಂಗನೀಸಿನ ಕಪ್ಪು,
ಅಥವಾ ಪ್ರಿಂಟರಿನ ಶಾಯಿ; ಕೇಳಲಿಲ್ಲ.
ಕೋಟು ಬಿಚ್ಚದೆ ಕೂತು
ಟರ್ಮಿನಲ್ಲಿನಿಂದ ಅದನ್ನು ಎಬ್ಬಿಸಿದ.
“ಅಲ್ಲಿ ಸುಮ್ಮನೆ ಸಾಯುತ್ತೆ.
ಇಲ್ಲಾದರೆ ಕೊನೇ ಮಾತು ಆಡಿ ಸಾಯುತ್ತೆ.”
ಆಡಿತು. ಒಂದೇ ಸಾಲು:
ತನ್ನದಲ್ಲದ ಜಾಗಕ್ಕೆ ಕೈ ಹಾಕಿದೆನೆಂದು.
ಯಾರ ಜಾಗ, ಯಾಕೆ ಕೈ, ಹೇಳಲಿಲ್ಲ.

“ಇವನಿಗೊಂದು ಚಾಳಿ,” ಅಂದ ಬೊಂಡೋ,
“ಎಲ್ಲದರೊಳಗೂ ಮೂಗು ತೂರಿಸೋದು.
ನೀನು ಕೇಳೋದು ಬರೀ ಹೆಸರು,
ಇವನು ಒಬ್ಬೊಬ್ಬರ ಮುಖ ಬರೆದು ತರೋಕೆ ಹೋಗ್ತಾನೆ.
ಒಳಗೆ ಯಾವುದೋ ಒಂದಕ್ಕೆ ಮುಖ ನೆಟ್ಟಗಿಲ್ಲ.”
“ಯಾವುದಕ್ಕೆ?”
“ತೊಟ್ಟಿಲು ನಡುವೆ ನಿಂತರೆ ಏನು ಮಾಡ್ತಿದ್ವಿ?
ಅರ್ಧ ಭಾರ ಇಳಿಸು. ಮತ್ತೆ ಎಳೆ.”

ಮೊದಲು ಎಲ್ಲಕ್ಕೂ ನಕಲು.
ಆಮೇಲೆ ನಾಲ್ಕು ಸಾವಿರದ ತೊಂಬತ್ತಾರರಲ್ಲಿ
ಅರ್ಧ ಈಚೆಗೆ.
ಬಿತ್ತು. ಹಾಗಾದರೆ ಉಳಿದದ್ದರಲ್ಲೇ ಇದೆ.
ಅದರಲ್ಲಿ ಅರ್ಧ. ಬೀಳಲಿಲ್ಲ;
ಹಾಗಾದರೆ ತೆಗೆದದ್ದರಲ್ಲಿ.
ಐನೂರ ಹನ್ನೆರಡಕ್ಕೆ ಲೋಬಿಯಾನಿ ತರಿಸಿದೆವು,
ಕಾಗದದ ತುಂಬ ಎಣ್ಣೆ, ಒಳಗೆ ಬಿಸಿ ಹುರುಳಿ.
ಅರವತ್ತನಾಲ್ಕಕ್ಕೆ ಹೊರಗೆ ಕತ್ತಲು,
ಕೆಳಗೆ ಕ್ವಿರಿಲಾ ಹೊಳೆ
ಹಗಲಿಗಿಂತ ಏನೂ ಹೆಚ್ಚು ಕಪ್ಪಾಗದೆ.
ಎಂಟು. ನಾಲ್ಕು.
ಎರಡಕ್ಕೆ ಬಂದಾಗ ಅವನು ಕೈ ಹಿಂದಕ್ಕೆಳೆದುಕೊಂಡ.
“ನೀನೇ ಒತ್ತು,” ಅಂದ. ಯಾಕೋ.

ಸಿಕ್ಕಿತು.
ಬೇರೊಂದು ಹಟಮಾರಿ ಪ್ರೋಗ್ರಾಮು
ಹಲ್ಲು ಕಚ್ಚಿ ತೆರೆದು ತೋರಿಸಿದ್ದು ಇಷ್ಟು:
ಮೇಲೆ ಆಕಾಶ. ಹಗ್ಗ.
ನೀಲಿ ತೊಟ್ಟಿಲಿನ ತಾರಸಿ, ಅದನ್ನು ಹಿಡಿದ ಕೊಂಡಿ,
ಕಿಟಕಿಯ ಮೇಲಂಚಿನಲ್ಲಿ ಯಾರದೋ ಟೋಪಿಯ ತುದಿ.
ಅಲ್ಲಿಂದ ಕೆಳಗೆ ಬೂದು.
ಮಂಜಲ್ಲ, ಹೊಗೆಯಲ್ಲ,
ಬರೆಯುತ್ತಿದ್ದವನು ನಡುಸಾಲಿನಲ್ಲಿ ಎದ್ದು ಹೋದಂಥ ಬೂದು.
ಕ್ಯಾಮೆರಾದ ಬ್ಯಾಟರಿ ಸತ್ತಿರಬೇಕು.

ನಾನು ಟೋಪಿಯನ್ನೇ ನೋಡುತ್ತಿದ್ದೆ.
ಬೊಂಡೋ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ.
“ಏಳನೇ ನಂಬರು,” ಅಂದ.
“ಆ ಬೋಲ್ಟು ನೋಡು. ನಾನು ಹಾಕಿದ್ದು.
ಅಳತೆ ತಪ್ಪು. ಸರಿಯಾದದ್ದು ಸ್ಟೋರಿನಲ್ಲಿರಲಿಲ್ಲ.
ಆರು ವರ್ಷ ಜನ ಓಡಾಡಿದರು ಅದರಲ್ಲಿ.”
ಕಾಗದ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

“ಅಳಿಸಲಾ?”
“ಬೇಡ.”
ಹೆಸರಿನ ಬಾಲದ ಮೂರಕ್ಷರ ಕತ್ತರಿಸಿ
ಬೇರೆ ಮೂರು ಅಂಟಿಸಿದ.
ಅಳಿಯ ಅಲ್ಲ, ಮಗಳ ಗಂಡ;
ಮನುಷ್ಯರಾದರೆ ನಗುತ್ತಾರೆ,
ಯಂತ್ರ ನಂಬಿತು.
ಫೋಲ್ಡರು ತೆರೆಯಿತು, ತೆರೆದೇ ಇತ್ತು:
ರಾಟೆ, ಹಗ್ಗ, ತೊಟ್ಟಿಲು, ತೊಟ್ಟಿಲು,
ನಡುವೆ ಕಿವಿ ಮಡಚಿದ ಬಿಳಿ ಹಾಳೆಯೊಂದು.
ಅದರೊಳಗೆ ಯಾರೂ ಇಣುಕಲಿಲ್ಲ.

ಇಪ್ಪತ್ತು ಲಾರಿ ಎಣಿಸಿ ಕೊಟ್ಟೆ.
ಹದಿನೈದು ಇಟ್ಟುಕೊಂಡ.

ಪಟ್ಟಿ ಗುರುವಾರವೇ ಹೋಯಿತು:
ಚಿತ್ರಗಳು ನಾಲ್ಕು ಸಾವಿರದ ತೊಂಬತ್ತೈದು,
ಇತರೆ ಒಂದು.
ಇತರೆ ಅಂದರೇನು, ಕೇಳಿದರು ಎತೇರಿ ಮೇಡಂ.
ಬೋಲ್ಟು, ಅಂದೆ.