ಕದಲದ ಹಡಗು

ಬ್ರೆಸ್ಕೆನ್ಸ್ ಬಂದರು ಬಿಟ್ಟು ಅರ್ಧ ಗಂಟೆ.
ವಾಯವ್ಯದ ಗಾಳಿ. ಕಂದು ಪಟ ಬಿಗಿದು ನಿಂತಿದೆ.
ಚಪ್ಪಟೆ ತಳದ ನಮ್ಮ ದೋಣಿ
ಅಲೆಗೊಮ್ಮೆ ರೊಟ್ಟಿ ತಟ್ಟುವ ಸದ್ದು ಮಾಡುತ್ತ
ಹೊಳೆಯ ಬಾಯಿ ದಾಟಲು ಹೊರಟಿದೆ.
ಕ್ರೈನಾ ಚುಕ್ಕಾಣಿಯನ್ನು ನನಗೆ ಕೊಟ್ಟು
ಬ್ರೆಡ್ಡಿನ ಮೇಲೆ ಚೀಸು ಕುಯ್ಯುತ್ತ, ತಲೆ ಎತ್ತದೆ,
"ಆ ಹಡಗು ಎಲ್ಲಿದೆ, ಮರಿನಸ್?"
"ದೂರ."
"ಎಷ್ಟು ದೂರ ಅಂತ ಕೇಳಲಿಲ್ಲ. ಎಲ್ಲಿದೆ?

ಕಂಬಕ್ಕೆ ಬಿಗಿದ ಆ ತಂತಿ ನೋಡು.
ಅದರ ನೇರಕ್ಕೆ ಹಡಗನ್ನು ಹಿಡಿ,
ತಲೆ ಅಲ್ಲಾಡಿಸದೆ, ದೋಣಿ ಅಲ್ಲಾಡಿಸದೆ.
ತಂತಿಯಿಂದ ಮುಂದೆ ಸರಿದರೆ ನಮ್ಮ ಮುಂದೆ ಹೋಯಿತು,
ಹಿಂದೆ ಸರಿದರೆ ಬೆನ್ನ ಹಿಂದೆ.
ಅಲ್ಲೇ ಇದ್ದರೆ..."
ಬ್ರೆಡ್ಡು ಕಚ್ಚಿದಳು, ಮುಗಿಸಲಿಲ್ಲ.

ಈವರೆಗೆ ಓಡಿ ಬರುವುದಕ್ಕೆ ಹೆದರಿದವನು ನಾನು:
ನಾಯಿ, ಟ್ರಕ್ಕು,
ಸಕ್ಕರೆ ಕಾರ್ಖಾನೆಯ ಬೆಲ್ಟಿನ ಮೇಲೆ ಉರುಳುವ ಬೀಟ್ ಗೆಡ್ಡೆಯ ರಾಶಿ.
ಇದು ಓಡುತ್ತಿರಲಿಲ್ಲ.
ತಂತಿಗೆ ಒಣಹಾಕಿದ ಬೂದು ಕರವಸ್ತ್ರದಷ್ಟು.
ಮತ್ತೆ ನೋಡಿದೆ, ಟವೆಲ್ಲಿನಷ್ಟು.
ಜಾಗ ಮಾತ್ರ ಅದೇ.

ಪುಸ್ತಕ ಓದಿಕೊಂಡೇ ಬಂದವನು; ಹೇಳಿದೆ:
"ಪಟದ ದೋಣಿಗೆ ಯಂತ್ರದ ಹಡಗು ದಾರಿ ಬಿಡಬೇಕು."
"ಬಿಡಬೇಕು. ಪುಟ ತಿರುಗಿಸು," ಅಂದಳು.

ಆನೆ ನಡೆದದ್ದೇ ದಾರಿ ಅಂದುಕೊಂಡಿದ್ದೆ.
ಇಲ್ಲಿ ಆನೆಗೆ ಇರುವುದೇ ಒಂದು ದಾರಿ:
ಹಸಿರು ಬೋಯಿಗಳ ಸಾಲಿಗೂ ಕೆಂಪು ಸಾಲಿಗೂ ನಡುವೆ
ಹೂಳೆತ್ತಿದ ಓಣಿ. ಆಚೆ ಕಾಲಿಟ್ಟರೆ ಮರಳು, ಆಂಟ್ವರ್ಪ್ ಅಲ್ಲ.
ನಿಲ್ಲು ಎಂದರೆ ನಿಲ್ಲಲು ಎರಡು ಮೈಲಿ ಬೇಕು ಅದಕ್ಕೆ.
ನಮಗೋ ಮೊಣಕಾಲುದ್ದ ನೀರು ಸಾಕು.
ಹೊಳೆಯೆಲ್ಲ ತನ್ನದಾಗಿರುವವನು
ಓಣಿಯಲ್ಲಿ ಸಿಕ್ಕವನ ಮೇಲೆ ಹಟ ಹಿಡಿಯುತ್ತಾನೆಯೇ?

ಇಪ್ಪತ್ತೆರಡು ವರ್ಷ ಅವಳು ಅದರ ನೆತ್ತಿಯ ಮೇಲಿದ್ದವಳು,
ಹಗ್ಗದೇಣಿ ಹತ್ತಿ, ಪರದೇಶದ ಕ್ಯಾಪ್ಟನ್ನರ ಪಕ್ಕ ನಿಂತು
ದಾರಿ ತೋರಿದ ಪೈಲಟ್.
"ಮೇಲಿಂದ ನೀರು ಕಾಣುವುದಿಲ್ಲ ಕಣೋ, ಕಂಟೇನರ್ ಕಾಣುತ್ತವೆ.
ಮೂತಿಯ ಮುಂದೆ ಅರ್ಧ ಕಿಲೋಮೀಟರ್ ಕುರುಡು.
ಚಿಕ್ಕ ದೋಣಿ ಅದರೊಳಗೆ ಹೊಕ್ಕರೆ ಎಣಿಸಲು ತೊಡಗುತ್ತಿದ್ದೆ.
ಮೂವತ್ತಕ್ಕೆ ಆಚೆ ಬದಿಯಲ್ಲಿ ಪಟದ ತುದಿ ಕಾಣಬೇಕು.
ಒಂದು ಆಗಸ್ಟ್ ಸಂಜೆ ಅರವತ್ತೊಂದರವರೆಗೆ ಎಣಿಸಿದೆ.
ಐದು ಸಲ ಹಾರ್ನು ಕೂಗಿಸಿದ್ದೆ. ಕ್ಯಾಪ್ಟನ್
ತನ್ನ ಭಾಷೆಯಲ್ಲಿ ದೇವರನ್ನೋ ಹೆಂಡತಿಯನ್ನೋ ಕರೆಯುತ್ತಿದ್ದ.
ಅರವತ್ತೆರಡಕ್ಕೆ ಬಂತು.
ಕೆಂಪು ಟೋಪಿಯವನೊಬ್ಬ, ಮೇಲೆ ನೋಡಿ ಕೈ ಬೀಸಿದ,
ಗುರುತಿನವರಿಗೆ ಬೀಸುವ ಹಾಗೆ.
ನಾನೂ ಬೀಸಿದೆ.
ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ."

ತಂತಿ ನೋಡಿದೆ. ಈಗ ಹಾಸಿಗೆಯ ಚಾದರ.
ಸ್ವಲ್ಪ ತಿರುಗಿಸಿದೆ.
"ಯಾರಿಗೆ ಕಾಣಬೇಕು ಅದು? ಸಂಕೋಚ ಬೇಡ.
ತಿರುಗಿದೆ ಅಂತ ಅವರಿಗೂ ಗೊತ್ತಾಗುವಷ್ಟು ತಿರುಗು. ಈಗಲೇ."
ಚುಕ್ಕಾಣಿಯನ್ನು ಎದೆಯವರೆಗೆ ಎಳೆದೆ.
ಹಗ್ಗ ಸಡಿಲಿಸಿ, ಪಟ ಹೊರಕ್ಕೆ ಬಿಟ್ಟು,
ಪಕ್ಕದ ಹಲಗೆ ಎತ್ತಿ,
ಹಸಿರು ಬೋಯಿಗಳ ಹೊರಗೆ, ಮರಳ ದಿಬ್ಬದ ಅಂಚಿಗೆ.
ಉಬ್ಬರ ಏರುತ್ತಿತ್ತು; ತಳ ತಾಕಿದರೂ ನೀರೇ ಎತ್ತಿಕೊಳ್ಳುತ್ತದೆ.
ಸೀಲುಗಳು ಕತ್ತೆತ್ತಿ
ನಮ್ಮ ಅವಸರ ಏನೆಂದು ನೋಡಿ, ಮತ್ತೆ ಮಲಗಿದವು.

ತಂತಿಯಿಂದ ಕಳಚಿಕೊಂಡ ಹಡಗಿಗೆ ಆಗ ಓಟ ಬಂತು.
ಗೋಡೆ. ತುಕ್ಕು. ನನ್ನ ಮನೆಯೆತ್ತರದ ಅಕ್ಷರಗಳು.
ಗಾಳಿ ನಿಂತೇಹೋಯಿತು, ಪಟ ಜೋತುಬಿತ್ತು,
ಎದೆಯೊಳಗೆ ಮಾತ್ರ ಅದರ ಯಂತ್ರದ ಗುದ್ದು.
ಮೇಲೆಲ್ಲೋ ಒಂದು ಕೈ ಎದ್ದ ಹಾಗಾಯಿತು.
ಕ್ರೈನಾ ಬೀಸಲಿಲ್ಲ.
ನಾವು ಕುರುಡಿನಲ್ಲಿರಲಿಲ್ಲ, ಓಣಿಯಲ್ಲೇ ಇರಲಿಲ್ಲ,
ಆದರೂ ಅವಳ ತುಟಿ ಅಲ್ಲಾಡುತ್ತಿತ್ತು:
ಹನ್ನೊಂದು, ಹನ್ನೆರಡು.

ಅಲೆ ಬಂದಾಗ ಚೀಸಿನ ಪೊಟ್ಟಣ ನೀರಿಗೆ ಬಿತ್ತು.
ಅದಕ್ಕೆ ನನ್ನನ್ನೇ ಬೈದಳು.