ನಲವತ್ತೊಂದು ರೂಪಾಯಿ

ಉಳಿದದ್ದು ನಲವತ್ತೊಂದು ರೂಪಾಯಿ.
ಮೂರು ಲಕ್ಷದ ಅರವತ್ತು ಸಾವಿರ ಅನುದಾನದಲ್ಲಿ
ಉಣ್ಣೆ ಹಿಂಜುವ ಯಂತ್ರ, ಅದರ ಸಾಗಾಟ,
ತಳಕ್ಕೆ ಸಿಮೆಂಟು, ತಲೆಗೆ ತಗಡು
ಎಲ್ಲ ಕಳೆದು, ಎರಡು ಸಲ ಕೂಡಿ, ಮತ್ತೆ ಕಳೆದರೂ
ಹಠ ಮಾಡಿ ಕೂತ ನಲವತ್ತೊಂದು.

"ಚಹಾ ಅಂತ ಬರದು ಮುಗಿಸವ್ವ" ಅಂದರು
ಅಧ್ಯಕ್ಷ ಬೊಮ್ಮಲಿಂಗಪ್ಪ.
ಚಹಾಕ್ಕೆ ಕಾಲಂ ಇಲ್ಲ, ಅಂದೆ.

ಕಾಲಂ ಇಲ್ಲದ್ದು ಇನ್ನೂ ಬಹಳ ಇತ್ತು.
ಸಂಘದ ಪಾಲು ನೂರಕ್ಕೆ ಹತ್ತು ಕಟ್ಟಿ ಎಂದವರು
ಮೂವತ್ತಾರು ಸಾವಿರ ಎಲ್ಲಿಂದ ಬಂತೆಂದು ಕೇಳಲಿಲ್ಲ.
ಗಂಗಮಾಳಮ್ಮ ನಾಲ್ಕು ಕಂಬಳಿ ತಂದು ಮೇಜಿಗಿಟ್ಟಳು:
"ಮಾರಿ ಬರಕೋ."
ಹೆಬ್ಬೆಟ್ಟು ಒತ್ತುವಾಗ ನೋಡಿದೆ,
ಹುಣಸೆಬೀಜದ ಸರಿ ಉಗುರಲ್ಲಿ ಒಣಗಿತ್ತು.
ಮಾಳಜ್ಜ ಟಗರು ಹೊಡಕೊಂಡು ಚಳ್ಳಕೆರೆ ಸಂತೆಗೆ ಹೋದ;
ಬಂದಾಗ ಹೆಗಲ ಮೇಲೆ ಬರೀ ಹಗ್ಗ.

ಯಂತ್ರಕ್ಕೆ ತ್ರೀ ಫೇಸ್ ಬೇಕು.
ನಮ್ಮೂರಿಗೆ ತ್ರೀ ಫೇಸ್ ಬರುವುದು ರಾತ್ರಿ ಒಂದಕ್ಕೆ.
ಹಾಗಾಗಿ ಒಂದಕ್ಕೆ ಏಳುತ್ತೇವೆ,
ನಿದ್ದೆಗಣ್ಣಲ್ಲೇ ಅದಕ್ಕೆ ಉಣ್ಣೆ ತಿನ್ನಿಸುತ್ತೇವೆ.
ಬಿಲ್ಲು ಮೀಟಿ ಹಿಂಜುವಾಗ ಹೆಗಲು ಹೋಗುತ್ತಿತ್ತು,
ಈಗ ಕಣ್ಣು ಉರಿಯುತ್ತದೆ.
ಹೆಗಲೇ ವಾಸಿ ಅನ್ನುವವರಿಲ್ಲ, ಅದೂ ನಿಜ.
ನಮೂನೆ ಕೇಳಿದ್ದು ಫಲಾನುಭವಿಗಳ ಸಂಖ್ಯೆ.
ಇಪ್ಪತ್ತೇಳು ಅಂತ ಬರೆದು ಪೆನ್ನು ನಿಲ್ಲಿಸಿದೆ:
ಕೆಂಚವೀರಿಯ ಕೂಸನ್ನು ಸೇರಿಸಲೋ ಬೇಡವೋ?
ಆ ಗರಗರ ಇಲ್ಲದ ರಾತ್ರಿ
ಅದೀಗ ಮಲಗುವುದೇ ಇಲ್ಲ.

ಬಾಕಿ ಹಣ ಮಾರ್ಚ್ ಮೂವತ್ತೊಂದರೊಳಗೆ
ಜಿಲ್ಲಾ ಕಚೇರಿಗೆ ಮರಳಿಸತಕ್ಕದ್ದು.
ದುರ್ಗಕ್ಕೆ ಹೋಗಿಬರಲು ಬೊಮ್ಮಲಿಂಗಪ್ಪನಿಗೆ
ನಲವತ್ತೊಂದಕ್ಕಿಂತ ಹೆಚ್ಚೇ ಆದೀತು.
ನನಗೆ ಸರ್ಕಾರಿ ಬಸ್ಸಲ್ಲಿ ಸೊನ್ನೆ.
ಹೀಗೆ, ಕಾರ್ಯದರ್ಶಿಯಾಗಿ ಹದಿನೈದನೇ ವರ್ಷಕ್ಕೆ
ಸಂಘದ ಕೆಲಸವೆಂದು ಮೊದಲ ಸಲ ದುರ್ಗ ಕಂಡೆ.
ಕೋಟೆ ಕಡೆ ನೋಡಲಿಲ್ಲ,
ಚೀಲದ ಬಾಯಿ ಹಿಡಿದುಕೊಂಡಿದ್ದೆ.

"ನಲವತ್ತೊಂದಾ?"
ಗುಮಾಸ್ತ ನಗಲಿಲ್ಲ, ಪಾಪ.
ಹತ್ತರ ನಾಲ್ಕು ನೋಟು, ಒಂದು ನಾಣ್ಯ
ಎರಡು ಸಲ ಎಣಿಸಿದ.
"ಎಲ್ಲರೂ ಸೊನ್ನೆ ಮಾಡ್ಕೊಂಡೇ ಬರ್ತಾರಮ್ಮ,
ವಾಪಸ್ ತಂದೋರು ನೀವೇ."
ಹೊಗಳಿದನೋ ಬೈದನೋ ತಿಳಿಯಲಿಲ್ಲ.

ರಸೀದಿಯ ಮೇಲೆ ಕರಿ ಎಳೆಯೊಂದು ಬಿದ್ದಿತ್ತು,
ನನ್ನ ಸೆರಗಿನದೇ ಇರಬೇಕು.
ಊದಿದ. ಹೋಗಲಿಲ್ಲ.
ಉಗುರಲ್ಲಿ ಕೆರೆದ. ಹೋಗಲಿಲ್ಲ.
ಹಿಂದೆ ಸಾಲು ನಿಂತಿತ್ತು.
ಅದರ ಮೇಲೇ ಮೊಹರು ಒತ್ತಿ ಕೊಟ್ಟ.